ಮೈಕ್ ಇದೆ, ದನಿ ಇಲ್ಲ: ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿಂದ ಹೊರಟ ದನಿ ಫೈಲ್ ಆಗುವ ಮೊದಲು ಐದು ಕೈ ದಾಟುತ್ತದೆ. ಮೈಕ್, ಕೇಬಲ್, ಸೌಂಡ್ ಕಾರ್ಡ್ ಇಲ್ಲವೇ ಆಡಿಯೊ ಇಂಟರ್‌ಫೇಸ್ (ಮೈಕ್ ಸಿಕ್ಕಿಸಿ ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಪೆಟ್ಟಿಗೆ), ಆಪರೇಟಿಂಗ್ ಸಿಸ್ಟಮ್, ಕೊನೆಗೆ ರೆಕಾರ್ಡಿಂಗ್ ಸಾಫ್ಟ್‌ವೇರ್. ತೊಂದರೆ ಬಂದಾಗ ಕೇಳಿಕೊಳ್ಳಬೇಕಾದ್ದು ಒಂದೇ: ದನಿ ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ? ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕೇಬಲ್ಲು, ಡ್ರೈವರು, ಸೆಟ್ಟಿಂಗು ಮೂರನ್ನೂ ಒಟ್ಟಿಗೆ ಮುಟ್ಟಿದರೆ, ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ವಾರ ಮತ್ತೆ ಮೊದಲಿಂದ ಹುಡುಕಾಟ.

ಮೈಕ್ ಸಿಕ್ಕಿಸಿದ್ದೇನೆ. ಏನೂ ರೆಕಾರ್ಡ್ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮೈಕ್‌ನಿಂದಲೇ. ಅದರ ಮೈಮೇಲೆ ಆನ್-ಆಫ್ ಸ್ವಿಚ್ ಇದೆಯಾ, ಮ್ಯೂಟ್ ಬಟನ್ ಇದೆಯಾ ನೋಡಿ. ಕೆಲವು ಯುಎಸ್‌ಬಿ ಮೈಕ್‌ಗಳು ಬರೀ ಬೆರಳು ತಾಗಿದರೂ ಮ್ಯೂಟ್ ಆಗುತ್ತವೆ. ಸ್ಟ್ಯಾಂಡ್ ಸರಿಮಾಡುವಾಗ ಕೈ ತಾಗಿದ್ದು ನಮಗೇ ಗೊತ್ತಿರುವುದಿಲ್ಲ. ಇಂಟರ್‌ಫೇಸ್ ಇದ್ದರೆ ಅದರ ಗೇನ್ ನಾಬ್ (ಮೈಕ್‌ನ ದನಿ ಏರಿಸುವ ಗುಂಡಿ) ಸೊನ್ನೆಯಲ್ಲಿ ಕೂತಿದೆಯಾ ನೋಡಿ.

ಆಮೇಲೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು ‘ಇನ್‌ಪುಟ್’ ಭಾಗಕ್ಕೆ ಹೋಗಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಸೌಂಡ್, ಇನ್‌ಪುಟ್. ಎರಡರಲ್ಲೂ ಮಾತಾಡಿದಾಗ ಏರಿಳಿಯುವ ಒಂದು ಪಟ್ಟಿ ಇರುತ್ತದೆ. ಅದು ಏರಿಳಿದರೆ ಅರ್ಧ ಕೆಲಸ ಮುಗಿಯಿತು. ದನಿ ಕಂಪ್ಯೂಟರಿನೊಳಗೆ ಬಂದಿದೆ, ನಿಂತಿರುವುದು ಸಾಫ್ಟ್‌ವೇರ್ ಬಾಗಿಲಲ್ಲಿ. ಏರಿಳಿಯದಿದ್ದರೆ ಸಾಫ್ಟ್‌ವೇರ್ ಮುಟ್ಟಲು ಹೋಗಬೇಡಿ. ಅಲ್ಲಿ ಎಷ್ಟು ಒದ್ದಾಡಿದರೂ ಪ್ರಯೋಜನ ಇಲ್ಲ.

ಇನ್‌ಪುಟ್ ಭಾಗದ ಮೈಕ್‌ಗಳ ಹೆಸರಿನಲ್ಲಿ ನಿಮ್ಮ ಯುಎಸ್‌ಬಿ ಮೈಕ್ ಹೆಸರೇ ಕಾಣದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಫೋನ್ ಚಾರ್ಜರ್ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಮೈಕ್‌ನ ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದಿಲ್ಲ. ಹಬ್ ತೆಗೆದು ನೇರ ಕಂಪ್ಯೂಟರಿನ ಪೋರ್ಟ್‌ಗೇ ಹಾಕಿ ನೋಡಿ.

ವಿಂಡೋಸ್‌ನಲ್ಲಿ ಪಟ್ಟಿ ಏರಿಳಿಯುತ್ತಿದೆ, ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಾತ್ರ ನೇರ ಗೆರೆ. ಯಾಕೆ?

ಎರಡು ಕಾರಣ ಜಾಸ್ತಿ. ಒಂದು, ಪರ್ಮಿಷನ್. ವಿಂಡೋಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಒಳಗೆ ‘ಮೈಕ್ರೊಫೋನ್’ ತೆರೆಯಿರಿ. ಅಲ್ಲಿ ಮೇಲೊಂದು ಸ್ವಿಚ್, ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಕೆಳಗೆ ಬೇರೆಯೇ ಸ್ವಿಚ್. ಎರಡೂ ಆನ್ ಇರಬೇಕು. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯಿಂದ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಅನುಮತಿ ಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಅದು ಮತ್ತೆ ಕೇಳುವುದಿಲ್ಲ. ನೀವೇ ಒಳಗೆ ಹೋಗಿ ಆನ್ ಮಾಡಿ, ಆ್ಯಪ್ ಮುಚ್ಚಿ ತೆರೆಯಬೇಕು. ಬ್ರೌಸರಿನಲ್ಲಿ ಹಾಡುವವರಿಗೆ ಬ್ರೌಸರಿನದೂ ಒಂದು ಅನುಮತಿ, ಆ ಸೈಟಿನದೂ ಒಂದು.

ಎರಡನೆಯದು, ಸಾಫ್ಟ್‌ವೇರ್ ತನ್ನದೇ ಆಯ್ಕೆ ಇಟ್ಟುಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಮೈಕ್ ಬದಲಾಯಿಸಿದರೆ ಆಡಾಸಿಟಿ, ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ತಾವಾಗಿ ಬದಲಾಗಲೇಬೇಕೆಂದಿಲ್ಲ. ರೀಪರ್ ಥರದ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್‌ನ ಕೆಂಪು ‘ಆರ್ಮ್’ ಬಟನ್ ಒತ್ತಿರಬೇಕು, ಆ ಟ್ರ್ಯಾಕ್‌ನ ಇನ್‌ಪುಟ್ ನಿಮ್ಮ ಮೈಕ್ ಇರುವ ಚಾನೆಲ್ಲೇ ಆಗಿರಬೇಕು. ಸಾಫ್ಟ್‌ವೇರ್ ತೆರೆದ ಮೇಲೆ ಮೈಕ್ ಸಿಕ್ಕಿಸಿದ್ದರೆ ಎಷ್ಟೋ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ. ಮುಚ್ಚಿ ಮತ್ತೆ ತೆರೆಯಿರಿ.

ದನಿ ರೆಕಾರ್ಡ್ ಆಗಿದೆ, ಆದರೆ ಯಾರೋ ಪಕ್ಕದ ಕೋಣೆಯಲ್ಲಿ ಹಾಡಿದ ಹಾಗಿದೆ.

ಹಾಡಿದ್ದು ಒಂದು ಮೈಕ್‌ಗೆ, ಕೇಳಿಸಿಕೊಂಡಿದ್ದು ಇನ್ನೊಂದು. ಲ್ಯಾಪ್‌ಟಾಪಿನ ಒಳಗೇ ಒಂದು ಮೈಕ್ ಇದೆ, ವೆಬ್‌ಕ್ಯಾಮ್‌ನಲ್ಲೂ ಒಂದು ಇರುತ್ತದೆ. ನಾನು ಒಮ್ಮೆ ಒಂದು ಹಾಡನ್ನು ಪೂರ್ತಿ, ಮೂರು ಟೇಕ್, ಹೊಸ ಮೈಕ್ ಮುಂದೆ ಕೂತು ಹಾಡಿದ್ದೇನೆ. ಆಮೇಲೆ ಕೇಳಿದರೆ ಕೀಲಿಮಣೆ ಒತ್ತಿದ ಸದ್ದು ನನ್ನ ದನಿಗಿಂತ ಚೆನ್ನಾಗಿ ಬಂದಿತ್ತು! ರೆಕಾರ್ಡ್ ಮಾಡಿದ್ದು ಲ್ಯಾಪ್‌ಟಾಪಿನ ಮೈಕ್.

ಅವತ್ತಿನಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ರೆಕಾರ್ಡ್ ಒತ್ತಿ, ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುವುದು. ಆಮೇಲೆ ಲ್ಯಾಪ್‌ಟಾಪಿನ ಅಂಚನ್ನು ಕೆರೆಯುವುದು. ಕಿವಿಗೆ ಕರಕರ ಅಂತ ಜೋರಾಗಿ ಕೇಳಿಸುವುದು ಯಾವುದೋ ಅದೇ ಈಗ ಕೆಲಸ ಮಾಡುತ್ತಿರುವ ಮೈಕ್. ಹತ್ತು ಸೆಕೆಂಡಿನ ಕೆಲಸ.

ಸರಿಯಾದ ಮೈಕ್ ಆಯ್ಕೆಯಾಗಿದ್ದೂ ದನಿ ದೂರ ಇದ್ದರೆ, ಅದರ ಯಾವ ಮುಖಕ್ಕೆ ಹಾಡುತ್ತಿದ್ದೀರಿ ನೋಡಿ. ವೇದಿಕೆಯ ಮೈಕ್‌ಗೆ ತುದಿಯಲ್ಲಿ ಹಾಡಬೇಕು. ಆದರೆ ದೊಡ್ಡ ಕಂಡೆನ್ಸರ್ ಮೈಕ್‌ಗಳು (ಕರೆಂಟು ಕೊಟ್ಟರೆ ಮಾತ್ರ ಕೆಲಸ ಮಾಡುವ ಸ್ಟುಡಿಯೊ ಮೈಕ್‌ಗಳು), ಬ್ಲೂ ಯೇತಿಯಂಥ ಯುಎಸ್‌ಬಿ ಮೈಕ್‌ಗಳು ಪಕ್ಕದಿಂದ ಕೇಳಿಸಿಕೊಳ್ಳುತ್ತವೆ. ಕಂಪನಿಯ ಗುರುತು ಇರುವ ಕಡೆಯೇ ಸಾಮಾನ್ಯವಾಗಿ ಮುಂಭಾಗ. ಮೈಕ್‌ನ ನೆತ್ತಿಗೆ ಹಾಡಿದರೆ ಅದಕ್ಕೆ ಕೋಣೆಯೇ ಜಾಸ್ತಿ ಕೇಳಿಸುತ್ತದೆ. ಹಿಂದೆ ಪ್ಯಾಟರ್ನ್ ಬದಲಾಯಿಸುವ ಗುಂಡಿ ಇದ್ದರೆ ಹೃದಯದ ಆಕಾರದ ಗುರುತಿಗೆ ಇಡಿ. ಅದೇ ಕಾರ್ಡಿಯಾಯ್ಡ್. ವೃತ್ತದ ಗುರುತಿಗೆ ಇಟ್ಟರೆ ಸುತ್ತಲ ಸದ್ದೆಲ್ಲ ಒಳಗೆ.

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ 3.5 ಎಂಎಂ ಮೈಕ್ ಹಾಕಿದೆ. ಅದು ಮೈಕನ್ನು ಗುರುತಿಸುತ್ತಲೇ ಇಲ್ಲ.

ಪಿನ್‌ನ ಮೇಲಿನ ಕಪ್ಪು ಗೆರೆಗಳನ್ನು ಎಣಿಸಿ. ಎರಡು ಗೆರೆ ಇದ್ದರೆ ಮೂರು ಭಾಗದ ಪಿನ್, ಮೂರು ಗೆರೆ ಇದ್ದರೆ ನಾಲ್ಕು ಭಾಗದ್ದು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಡ್‌ಫೋನ್‌ಗೂ ಮೈಕ್‌ಗೂ ಸೇರಿ ಸಾಮಾನ್ಯವಾಗಿ ಒಂದೇ ತೂತು. ಅದು ನಾಲ್ಕು ಭಾಗದ ಪಿನ್‌ಗಾಗಿ ಮಾಡಿದ್ದು. ತುದಿ ಎಡಗಿವಿಗೆ, ಮುಂದಿನದು ಬಲಗಿವಿಗೆ, ಮೂರನೆಯದು ಗ್ರೌಂಡ್, ಬುಡದ್ದು ಮೈಕ್‌ಗೆ. ಮೂರು ಭಾಗದ ಮೈಕ್ ಪಿನ್‌ನಲ್ಲಿ ದನಿ ಬರುವುದು ತುದಿಯಲ್ಲಿ. ಅಲ್ಲಿ ಲ್ಯಾಪ್‌ಟಾಪ್ ಕಾಯುತ್ತಿರುವುದು ಹೆಡ್‌ಫೋನನ್ನು. ಹಾಗಾಗಿ ಇಬ್ಬರಿಗೂ ಭೇಟಿಯೇ ಆಗುವುದಿಲ್ಲ.

ಒಂದು ಕಡೆ ನಾಲ್ಕು ಭಾಗದ ಪಿನ್, ಇನ್ನೊಂದು ಕಡೆ ಮೈಕ್‌ಗೂ ಹೆಡ್‌ಫೋನ್‌ಗೂ ಬೇರೆ ಬೇರೆ ತೂತು ಇರುವ ಸಣ್ಣ ಸ್ಪ್ಲಿಟರ್ ಸಿಗುತ್ತದೆ. ಅದೇ ಔಷಧಿ. ಇಬ್ಬರು ಒಟ್ಟಿಗೆ ಹಾಡು ಕೇಳಲು ಎರಡು ಹೆಡ್‌ಫೋನ್ ಹಾಕುವ ಸ್ಪ್ಲಿಟರ್ ತಂದುಬಿಟ್ಟೀರಿ, ನೋಡಲು ಎರಡೂ ಒಂದೇ ಥರ. ಮೈಕ್ ಚಿತ್ರ ಇದೆಯಾ ನೋಡಿ ತನ್ನಿ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಈ ರಗಳೆ ಕಡಿಮೆ, ಗುಲಾಬಿ ಬಣ್ಣದ ತೂತು ಮೈಕ್‌ನದು.

ದೊಡ್ಡ ವೇದಿಕೆ ಮೈಕನ್ನು ಎಕ್ಸ್‌ಎಲ್‌ಆರ್‌ನಿಂದ (ಮೂರು ಪಿನ್‌ನ ದುಂಡು ತುದಿ) 3.5 ಎಂಎಂ ಕೇಬಲ್ ಹಾಕಿ ನೇರ ಕಂಪ್ಯೂಟರಿಗೆ ಕೊಟ್ಟರೆ ಆಗುತ್ತಾ?

ಆಗುತ್ತದೆ ಅನ್ನಿಸುತ್ತದೆ, ಆಗುವುದು ಕಮ್ಮಿ. ಕಂಪ್ಯೂಟರಿನ ಮೈಕ್ ತೂತು ಕಾಲರ್ ಮೈಕ್, ಹೆಡ್‌ಸೆಟ್ ಮೈಕ್‌ನಂಥ ಸಣ್ಣ ಎಲೆಕ್ಟ್ರೆಟ್ ಮೈಕ್‌ಗಳಿಗೆ ಅಂತ ಕೆಲವೇ ವೋಲ್ಟ್ ಕರೆಂಟ್ ಕೊಡುತ್ತದೆ. 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕ್‌ಗೆ ಅದು ಏನೇನೂ ಸಾಲದು. ವೇದಿಕೆಯಲ್ಲಿ ಕೈಯಲ್ಲಿ ಹಿಡಿಯುವಂಥ ಡೈನಮಿಕ್ ಮೈಕ್‌ಗೆ ಕರೆಂಟು ಬೇಡ, ಆದರೆ ಅದರ ದನಿ ಎಷ್ಟು ಸಣ್ಣದೆಂದರೆ ಕಂಪ್ಯೂಟರಿನ ಒಳಗಿನ ಆಂಪ್ಲಿಫೈಯರ್ ಅದನ್ನು ಎತ್ತುವಾಗ ಜೊತೆಗೆ ಸುಯ್ ಅನ್ನುವ ಸದ್ದನ್ನೂ ಎತ್ತುತ್ತದೆ.

ಇನ್ನೊಂದು ಮೋಸ ಇದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಎಕ್ಸ್‌ಎಲ್‌ಆರ್ ಮೈಕ್ ಒಂದೇ ದನಿಯನ್ನು ಎರಡು ತಂತಿಯಲ್ಲಿ ಕಳಿಸುತ್ತದೆ, ಎರಡನೆಯದು ಮೊದಲನೆಯದರ ತಲೆಕೆಳಗು. ಕೆಲವು ಅಡಾಪ್ಟರ್ ಕೇಬಲ್‌ಗಳು ಅವುಗಳಲ್ಲಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಕೊಟ್ಟುಬಿಡುತ್ತವೆ. ಸ್ಟೀರಿಯೊ ರೆಕಾರ್ಡ್ ಮಾಡಿದರೆ ದನಿ ಇದೆ, ಏನೋ ತಲೆಯೊಳಗೆ ಕೂತ ಹಾಗೆ ವಿಚಿತ್ರವಾಗಿದೆ. ಮೊನೊ ಮಾಡಿದ, ಅಂದರೆ ಎಡ-ಬಲ ಸೇರಿಸಿ ಒಂದೇ ಮಾಡಿದ ತಕ್ಷಣ ಎರಡೂ ಒಂದನ್ನೊಂದು ಹೊಡೆದುಹಾಕಿ ದನಿಯೇ ಮಾಯ! ಹೀಗಾದರೆ ಒಂದು ಚಾನೆಲ್ ಅಳಿಸಿ, ಉಳಿದದ್ದನ್ನು ಮೊನೊ ಎಂದು ಇಟ್ಟುಕೊಳ್ಳಿ. ಹಾಡಿದ್ದು ಹಾಳಾಗಿಲ್ಲ.

ಇದಕ್ಕೆಲ್ಲ ನಿಜವಾದ ಪರಿಹಾರ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್. ಹೊಸ ಮೈಕ್‌ಗೆ ಹಣ ಹಾಕುವ ಮೊದಲು ಇದಕ್ಕೆ ಹಾಕಿ ಅಂತಲೇ ನಾನು ಹೇಳುವುದು.

ಇಂಟರ್‌ಫೇಸ್‌ಗೆ ಕಂಡೆನ್ಸರ್ ಮೈಕ್ ಹಾಕಿದ್ದೇನೆ. ಗೇನ್ ಪೂರ್ತಿ ಏರಿಸಿದರೂ ಸದ್ದಿಲ್ಲ.

‘48ವಿ’ ಎಂದು ಬರೆದ ಬಟನ್ ಒತ್ತಿ. ಅದೇ ಫ್ಯಾಂಟಮ್ ಪವರ್. ಈ 48ರ ಹಿಂದೆ ಒಂದು ಸ್ವಾರಸ್ಯ ಇದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ರೇಡಿಯೊ ಸಂಸ್ಥೆಗೆ ಮೈಕ್ ತೋರಿಸಲು ಹೋದಾಗ, ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಆಗಲೇ ಇತ್ತು. ಅದನ್ನೇ ಬಳಸಿಕೊಂಡರು. ಅದೇ ಮುಂದೆ ಎಲ್ಲ ಕಡೆಯ ಲೆಕ್ಕವಾಯಿತು.

ಒತ್ತುವ ಮೊದಲು ಗೇನ್ ಇಳಿಸಿ, ಹೆಡ್‌ಫೋನ್ ತೆಗೆದಿಡಿ, ಟಪ್ ಅಂತ ಜೋರು ಸದ್ದು ಬರಬಹುದು. 48 ವೋಲ್ಟ್ ಆನ್ ಇರುವಾಗ ಕೇಬಲ್ ಹಾಕುವುದು ತೆಗೆಯುವುದು ಬೇಡ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿರುವ ಡೈನಮಿಕ್ ಮೈಕ್‌ಗೆ ಇದರಿಂದ ತೊಂದರೆ ಇಲ್ಲ. ಹಳೆಯ ರಿಬ್ಬನ್ ಮೈಕ್ (ಒಳಗೆ ತೆಳು ಲೋಹದ ಪಟ್ಟಿ ಇರುವಂಥದ್ದು) ಇದ್ದರೆ ಮಾತ್ರ ಆಫ್ ಮಾಡಿಯೇ ಇಡಿ.

ಫ್ಯಾಂಟಮ್ ಪವರ್ ಎಕ್ಸ್‌ಎಲ್‌ಆರ್ ತೂತಿನಲ್ಲಿ ಮಾತ್ರ ಬರುತ್ತದೆ. ಮೈಕ್‌ಗೆ ಗಿಟಾರ್ ಥರದ ದಪ್ಪ 6.35 ಎಂಎಂ ಪಿನ್ ಹಾಕಿ ಕೊಟ್ಟಿದ್ದರೆ ಬಟನ್ ಒತ್ತಿದರೂ ಕರೆಂಟ್ ತಲುಪುವುದಿಲ್ಲ.

ಡೈನಮಿಕ್ ಮೈಕ್‌ನ ದನಿ ತುಂಬ ಸಣ್ಣ. ಮೈಕ್ ಹಾಳಾಗಿದೆಯಾ?

ಇಲ್ಲ, ಅದರ ಸ್ವಭಾವವೇ ಹಾಗೆ. ಒಂದೇ ಜೋರಿನ ಸದ್ದಿಗೆ ಶೂರ್ ಎಸ್‌ಎಂ58 ಸುಮಾರು 1.85 ಮಿಲಿವೋಲ್ಟ್ ಕೊಟ್ಟರೆ ರೋಡ್ ಎನ್‌ಟಿ1-ಎ ಕಂಡೆನ್ಸರ್ ಸುಮಾರು 25 ಮಿಲಿವೋಲ್ಟ್ ಕೊಡುತ್ತದೆ. ಹದಿಮೂರು ಪಟ್ಟಿಗೂ ಜಾಸ್ತಿ. ಶೂರ್ ಎಸ್‌ಎಂ7ಬಿ ಇನ್ನೂ ಮೆತ್ತಗೆ, ಅದಕ್ಕೆ 60 ಡೆಸಿಬೆಲ್‌ನಷ್ಟು ಗೇನ್ ಬೇಕು. ಗೇನ್ ನಾಬ್ ಮುಕ್ಕಾಲು ತಿರುಗಿದರೆ ಗಾಬರಿ ಬೇಡ. ಹತ್ತಿರ ಬಂದು ಹಾಡಿ, ನಾಲ್ಕೈದು ಬೆರಳಿನ ಅಂತರ ಸಾಕು. ಆದರೆ ತೀರಾ ಮುತ್ತಿಡುವಷ್ಟು ಹತ್ತಿರ ಹೋದರೆ ದನಿಯ ತಗ್ಗು ಭಾಗ ಊದಿಕೊಂಡು ಗುಂಯ್ ಎನ್ನುತ್ತದೆ.

ಇಂಟರ್‌ಫೇಸ್‌ನಲ್ಲಿ ‘ಇನ್‌ಸ್ಟ್’ (ಗಿಟಾರ್‌ನಂಥ ವಾದ್ಯಕ್ಕೆ) ಅಥವಾ ‘ಲೈನ್’ ಬಟನ್ ಒತ್ತಿದೆಯಾ, ‘ಪ್ಯಾಡ್’ ಆನ್ ಇದೆಯಾ ಅದನ್ನೂ ನೋಡಿ. ಪ್ಯಾಡ್ ಇರುವುದೇ ದನಿ ತಗ್ಗಿಸಲು.

ಲೆವೆಲ್ ಎಷ್ಟಿರಬೇಕು? ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯುತ್ತದೆ.

ಡಿಜಿಟಲ್ ಮೀಟರ್‌ನಲ್ಲಿ ಸೊನ್ನೆಯೇ ಮಾಳಿಗೆ. ಅದಕ್ಕೆ ತಲೆ ತಾಗಿದರೆ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಡಿನ ಅತಿ ಜೋರಿನ ಸಾಲಿನಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6ರ ನಡುವೆ ಇರಲಿ. ಲೆವೆಲ್ ಇಡುವಾಗ ‘ಹಲೋ, ಒನ್ ಟೂ ತ್ರೀ’ ಅನ್ನಬೇಡಿ. ಹಾಡಿನ ಅತಿ ಎತ್ತರದ ಸಾಲನ್ನು ನಿಜವಾಗಿ ಹಾಡುವ ಜೋರಿನಲ್ಲೇ ಹಾಡಿ. ಪರೀಕ್ಷೆಗೆಂದು ಹಾಡುವಾಗ ಎಲ್ಲರೂ ಸಂಕೋಚದಿಂದ ಮೆಲ್ಲಗೆ ಹಾಡುತ್ತಾರೆ. ಕೆಂಪು ಗುಂಡಿ ಒತ್ತಿದ ಮೇಲೆ ಹುರುಪು ಬಂದು ದನಿ ಏರುತ್ತದೆ. ಒಡೆಯುವುದು ಆಗಲೇ.

ಲೆವೆಲ್ ಕಮ್ಮಿಯಾದರೆ ಚೆನ್ನಾಗಿ ಬರುವುದಿಲ್ಲ ಎನ್ನುವ ಹೆದರಿಕೆ ಹಳೆಯ ಕಾಲದ್ದು. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 16 ಬಿಟ್‌ಗೆ ಸುಮಾರು 96 ಡೆಸಿಬೆಲ್ ಹರವು (ಅತಿ ಮೆಲ್ಲಗಿನ ಸದ್ದಿನಿಂದ ಅತಿ ಜೋರಿನವರೆಗೆ), 24 ಬಿಟ್‌ಗೆ ಲೆಕ್ಕದಲ್ಲಿ 144. 24 ಬಿಟ್ ಇಟ್ಟುಕೊಂಡು ಆರಾಮಾಗಿ ತಗ್ಗಿನಲ್ಲೇ ರೆಕಾರ್ಡ್ ಮಾಡಿ, ಆಮೇಲೆ ಏರಿಸಿಕೊಳ್ಳಿ.

ಸಾಫ್ಟ್‌ವೇರ್‌ನಲ್ಲಿ ಲೆವೆಲ್ ತಗ್ಗಿಸಿದ್ದೂ ದನಿ ಒಡೆದೇ ಬರುತ್ತಿದ್ದರೆ, ಒಡೆದದ್ದು ಅದಕ್ಕಿಂತ ಮೊದಲು. ಇಂಟರ್‌ಫೇಸ್‌ನ ಗೇನ್ ನಾಬ್ ಇಳಿಸಬೇಕು. ಮೂಲದಲ್ಲೇ ಒಡೆದದ್ದನ್ನು ಮುಂದೆ ಸಣ್ಣದು ಮಾಡಿದರೆ ಸಣ್ಣದಾಗಿ ಒಡೆದ ದನಿ ಸಿಗುತ್ತದೆ, ಅಷ್ಟೇ. ಲ್ಯಾಪ್‌ಟಾಪಿನ ತೂತು ಬಳಸುವವರು ವಿಂಡೋಸ್‌ನ ‘ಮೈಕ್ರೊಫೋನ್ ಬೂಸ್ಟ್’ ಎಷ್ಟಿದೆ ನೋಡಿಕೊಳ್ಳಿ. 20, 30 ಡೆಸಿಬೆಲ್ ಇದ್ದರೆ ಇಳಿಸಿ.

ಸ್ವರ ಎಳೆದು ಹಿಡಿದಾಗ ದನಿ ತಾನಾಗಿ ಕರಗಿಹೋಗುತ್ತದೆ. ಮಾತಾಡಿದರೆ ಸರಿಯಾಗಿ ಬರುತ್ತದೆ!

ಈ ಪ್ರಶ್ನೆ ಕೇಳಿದವರಲ್ಲಿ ಹಲವರು ಆಗಲೇ ಮೈಕ್ ಬದಲಾಯಿಸಿ ಆಗಿರುತ್ತದೆ, ಪಾಪ. ಮೈಕ್‌ನ ತಪ್ಪೇನೂ ಇಲ್ಲ. ಮಾತಿಗೆಂದು ಮಾಡಿದ ಗಲಾಟೆ ತಗ್ಗಿಸುವ ಸೌಲಭ್ಯ ಎಲ್ಲೋ ಒಂದು ಕಡೆ ಆನ್ ಇದೆ. ಅದರ ಲೆಕ್ಕ ಸರಳ: ಮಾತು ಸದಾ ಬದಲಾಗುತ್ತದೆ, ಫ್ಯಾನ್ ಮತ್ತು ಏಸಿ ಸದ್ದು ಒಂದೇ ಸಮ ಇರುತ್ತದೆ. ಒಂದೇ ಸಮ ಇರುವುದನ್ನು ಅಳಿಸು. ನೀವು ಒಂದು ಸ್ವರವನ್ನು ಎಂಟು ಸೆಕೆಂಡ್ ಅಲುಗಾಡದೆ ಹಿಡಿದಿರಿ ಅನ್ನಿ, ಅದರ ಕಣ್ಣಿಗೆ ನೀವು ಫ್ಯಾನ್. ಚೆನ್ನಾಗಿ ಹಾಡಿದಷ್ಟೂ ಜಾಸ್ತಿ ಅಳಿಸುತ್ತದೆ!

ಎಲ್ಲೆಲ್ಲಿ ಅಡಗಿರುತ್ತದೆ? ವಿಂಡೋಸ್ 11ರಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮೈಕ್ ಮೇಲೆ ಕ್ಲಿಕ್ ಮಾಡಿದರೆ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಸಿಗುತ್ತದೆ. ಆಫ್ ಮಾಡಿ. ಲ್ಯಾಪ್‌ಟಾಪ್ ಕಂಪನಿ ಹಾಕಿಕೊಟ್ಟ ಆಡಿಯೊ ಆ್ಯಪ್‌ನಲ್ಲೂ ‘ನಾಯ್ಸ್ ಕ್ಯಾನ್ಸಲೇಷನ್’ ಇರಬಹುದು. ಮ್ಯಾಕ್‌ನಲ್ಲಿ ಕಂಟ್ರೋಲ್ ಸೆಂಟರ್‌ನ ‘ಮೈಕ್ ಮೋಡ್’ನಲ್ಲಿ ‘ವಾಯ್ಸ್ ಐಸೊಲೇಷನ್’ ಇದ್ದರೆ ‘ಸ್ಟ್ಯಾಂಡರ್ಡ್’ಗೆ ಬದಲಾಯಿಸಿ. ಝೂಮ್‌ನಲ್ಲಿ ಹಾಡುವುದಾದರೆ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಆನ್ ಮಾಡಿ. ಅದೇ ಝೂಮ್‌ನಲ್ಲಿ ಮೈಕ್ ಲೆವೆಲ್ ತಾನೇ ಏರಿಳಿಸುವ ಆಯ್ಕೆಯೂ ಇದೆ. ಅದನ್ನು ಹಾಗೇ ಬಿಟ್ಟರೆ ಮೆಲ್ಲಗಿನ ಸಾಲೂ ಜೋರಿನ ಸಾಲೂ ಒಂದೇ ಎತ್ತರಕ್ಕೆ ಬಂದು ಭಾವವೆಲ್ಲ ಚಪ್ಪಟೆ.

ದನಿ ಎಡಗಿವಿಯಲ್ಲಿ ಮಾತ್ರ ಕೇಳಿಸುತ್ತಿದೆ.

ಇಂಟರ್‌ಫೇಸ್‌ನ ಒಂದನೇ ಇನ್‌ಪುಟ್ ಎಡ, ಎರಡನೆಯದು ಬಲ. ಸಾಫ್ಟ್‌ವೇರ್ ಸ್ಟೀರಿಯೊ ಟ್ರ್ಯಾಕ್ ತೆರೆದಿದೆ, ನಿಮ್ಮ ಮೈಕ್ ಒಂದೇ. ಟ್ರ್ಯಾಕನ್ನು ಮೊನೊ ಮಾಡಿ. ಈಗಾಗಲೇ ಹಾಡಿ ಆಗಿದ್ದರೆ ಸ್ಟೀರಿಯೊ ಟ್ರ್ಯಾಕನ್ನು ಎರಡಾಗಿ ಬಿಡಿಸಿ ಖಾಲಿ ಬಲಭಾಗ ಅಳಿಸಿ.

ಹೆಡ್‌ಫೋನ್‌ನಲ್ಲಿ ನನ್ನ ದನಿ ತಡವಾಗಿ ಬರುತ್ತದೆ. ತಾಳ ತಪ್ಪುತ್ತಿದೆ.

ಕಂಪ್ಯೂಟರ್ ದನಿಯನ್ನು ಬಿಂದಿಗೆಯಲ್ಲಿ ತುಂಬಿ ತುಂಬಿ ಸಾಗಿಸುತ್ತದೆ. ಆ ಬಿಂದಿಗೆಯೇ ಬಫರ್. 48 ಕಿಲೊಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ದನಿಯ ಅಳತೆ) ತೆಗೆಯುವಾಗ, 1024 ಸ್ಯಾಂಪಲ್‌ನ ಬಫರ್ ತುಂಬಲು 21 ಮಿಲಿಸೆಕೆಂಡ್ ಬೇಕು, 256ರದ್ದಕ್ಕೆ 5 ಚಿಲ್ಲರೆ. ಒಳಗೆ ಹೋಗುವಾಗ ಒಂದು ಬಿಂದಿಗೆ, ಹೊರಗೆ ಬರುವಾಗ ಇನ್ನೊಂದು. ಗಾಳಿಯಲ್ಲಿ ದನಿ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಅಂದರೆ ಮೂರೂವರೆ ಮೀಟರ್ ದೂರದ ಸ್ಪೀಕರ್ ಕೇಳಿದ ಹಾಗೆ, ಹಾಡಬಹುದು. 40 ದಾಟಿದರೆ ನಾಲಿಗೆ ತೊಡರುತ್ತದೆ.

ರೆಕಾರ್ಡ್ ಮಾಡುವಾಗ ಬಫರನ್ನು 128 ಅಥವಾ 256ಕ್ಕೆ ಇಳಿಸಿ, ಮಿಕ್ಸಿಂಗ್ ಮಾಡುವಾಗ ಏರಿಸಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಜೊತೆ ಬರುವ ಅಸಿಯೊ ಡ್ರೈವರ್ (ತಡ ಕಡಿಮೆ ಮಾಡುವ ಡ್ರೈವರ್) ಹಾಕಿಕೊಳ್ಳಿ. ಆದರೆ ಎಲ್ಲಕ್ಕಿಂತ ಸುಲಭದ್ದು ಇಂಟರ್‌ಫೇಸ್ ಅಥವಾ ಯುಎಸ್‌ಬಿ ಮೈಕ್‌ನ ‘ಡೈರೆಕ್ಟ್ ಮಾನಿಟರ್’. ಅದು ಮೈಕ್‌ನ ದನಿಯನ್ನು ಕಂಪ್ಯೂಟರಿಗೆ ಕಳಿಸಿ ತರಿಸದೆ ನೇರ ಹೆಡ್‌ಫೋನ್‌ಗೇ ಕೊಡುತ್ತದೆ. ಅದನ್ನು ಆನ್ ಮಾಡಿದ ಮೇಲೆ ಸಾಫ್ಟ್‌ವೇರ್‌ನ ಮಾನಿಟರಿಂಗ್ ಆಫ್ ಮಾಡಲು ಮರೆಯಬೇಡಿ. ಎರಡೂ ಇದ್ದರೆ ದನಿ ಎರಡೆರಡು ಸಲ ಬರುತ್ತದೆ, ಇಲ್ಲವೇ ಕೊಳವೆಯೊಳಗೆ ಹಾಡಿದ ಹಾಗೆ ಕೇಳಿಸುತ್ತದೆ. ವಿಂಡೋಸ್‌ನ ‘ಲಿಸನ್ ಟು ದಿಸ್ ಡಿವೈಸ್’ ಎನ್ನುವ ಟಿಕ್ ಕೂಡ ಇದೇ ಕಿತಾಪತಿ ಮಾಡುತ್ತದೆ.

ಹಾಡುವಾಗ ತಾಳ ಸರಿ ಇತ್ತು. ರೆಕಾರ್ಡ್ ಆದ ಮೇಲೆ ಕೇಳಿದರೆ ಟ್ರ್ಯಾಕ್‌ಗಿಂತ ಹಿಂದಿದೆ.

ಹಾಡಿನ ಶುರುವಿನಿಂದ ಕೊನೆವರೆಗೆ ಒಂದೇ ಪ್ರಮಾಣದಲ್ಲಿ ಹಿಂದಿದೆಯಾ, ಅಥವಾ ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತಿದೆಯಾ? ಒಂದೇ ಪ್ರಮಾಣ ಇದ್ದರೆ ಅದು ಲೇಟೆನ್ಸಿ, ಅಂದರೆ ದನಿ ಕಂಪ್ಯೂಟರಿನ ಒಳಗೆ ಹೊರಗೆ ಸಾಗುವಾಗಿನ ತಡ. ಆಡಾಸಿಟಿಯಲ್ಲಿ ‘ಲೇಟೆನ್ಸಿ ಕಾಂಪೆನ್ಸೇಷನ್’ ಅಂತ ಇದೆ, ಅದು ಮೊದಲೇ ಮೈನಸ್ 130 ಮಿಲಿಸೆಕೆಂಡ್ ಎಂದು ಇಟ್ಟಿರುತ್ತದೆ. ಅದು ಒಂದು ಅಂದಾಜು, ನಿಮ್ಮ ಕಂಪ್ಯೂಟರಿನ ಅಳತೆ ಬೇರೆ ಇರಬಹುದು. ಹೆಡ್‌ಫೋನನ್ನು ಮೈಕ್‌ಗೆ ಒತ್ತಿ ಹಿಡಿದು ಮೆಟ್ರೊನೋಮ್ ಸದ್ದು ನುಡಿಸಿ ರೆಕಾರ್ಡ್ ಮಾಡಿ. ಎರಡು ಟಿಕ್‌ಗಳ ನಡುವಿನ ಅಂತರ ನೋಡಿ ಅಷ್ಟು ಸರಿಮಾಡಿದರಾಯಿತು.

ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತಿದ್ದರೆ ಎರಡು ಬೇರೆ ಗಡಿಯಾರ ಓಡುತ್ತಿವೆ. ಮೈಕ್ ಯುಎಸ್‌ಬಿಯದು, ಹೆಡ್‌ಫೋನ್ ಲ್ಯಾಪ್‌ಟಾಪಿನದು. ಎರಡರೊಳಗಿನ ಗಡಿಯಾರ ಕೂದಲೆಳೆಯಷ್ಟು ವ್ಯತ್ಯಾಸ. ಯುಎಸ್‌ಬಿ ಮೈಕ್‌ನಲ್ಲೇ ಇರುವ ಹೆಡ್‌ಫೋನ್ ತೂತು ಬಳಸಿ.

ಹಾಡು ಕೇಳಿದರೆ ವೇಗವಾಗಿದೆ, ಶ್ರುತಿಯೂ ಏರಿದೆ.

44.1 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಆದದ್ದನ್ನು ಯಾರೋ 48 ಎಂದುಕೊಂಡು ನುಡಿಸುತ್ತಿದ್ದಾರೆ. 4 ನಿಮಿಷದ ಹಾಡು ಸುಮಾರು 20 ಸೆಕೆಂಡ್ ಮೊದಲೇ ಮುಗಿಯುತ್ತದೆ, ಶ್ರುತಿ ಒಂದೂವರೆ ಮನೆಯಷ್ಟು ಮೇಲೆ. ಇಂಟರ್‌ಫೇಸ್, ಆಪರೇಟಿಂಗ್ ಸಿಸ್ಟಮ್, ಪ್ರಾಜೆಕ್ಟ್ ಮೂರರಲ್ಲೂ ಒಂದೇ ಸಂಖ್ಯೆ ಇಡಿ. ಮ್ಯಾಕ್‌ನಲ್ಲಿ ಇದು ‘ಆಡಿಯೊ ಮಿಡಿ ಸೆಟಪ್’ನಲ್ಲಿ ಸಿಗುತ್ತದೆ.

ನನ್ನ ದನಿಯ ಜೊತೆ ಕರೋಕೆ ಟ್ರ್ಯಾಕ್ ಕೂಡ ರೆಕಾರ್ಡ್ ಆಗುತ್ತಿದೆ.

ಸ್ಪೀಕರಿನಲ್ಲಿ ಟ್ರ್ಯಾಕ್ ಹಾಕಿದ್ದರೆ ಆಗಲೇಬೇಕು. ಹೆಡ್‌ಫೋನ್ ಹಾಕಿ, ಕಿವಿ ಪೂರ್ತಿ ಮುಚ್ಚುವಂಥದ್ದು. ಹೆಡ್‌ಫೋನ್ ಹಾಕಿಯೂ ಟ್ರ್ಯಾಕ್ ಸ್ಪಷ್ಟವಾಗಿ ಬಂದು ನಿಮ್ಮ ದನಿಯೇ ಇಲ್ಲದಿದ್ದರೆ, ಇನ್‌ಪುಟ್‌ನಲ್ಲಿ ಮೈಕ್ ಬದಲು ‘ಸ್ಟೀರಿಯೊ ಮಿಕ್ಸ್’ ಅಥವಾ ‘ಲೂಪ್‌ಬ್ಯಾಕ್’ (ಕಂಪ್ಯೂಟರ್ ನುಡಿಸುವ ಸದ್ದನ್ನೇ ಹಿಡಿಯುವಂಥದ್ದು) ಆಯ್ಕೆಯಾಗಿದೆ.

ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಸಾಕಲ್ವಾ?

ಸಾಲದು. ಅದರ ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಸಾಮಾನ್ಯವಾಗಿ ಫೋನ್ ಕರೆಯ ಮೋಡ್‌ಗೆ ಹೋಗುತ್ತದೆ, 8 ಅಥವಾ 16 ಕಿಲೊಹರ್ಟ್ಸ್ ಮಾತ್ರ. ಕೇಳುತ್ತಿದ್ದ ಟ್ರ್ಯಾಕ್ ಕೂಡ ತಗಡು ಬಡಿದ ಹಾಗಾಗುತ್ತದೆ. ತಡವಂತೂ ಇದ್ದೇ ಇದೆ. ತಂತಿಯ ಹೆಡ್‌ಫೋನ್ ಬಳಸಿ.

ಗುಂಯ್ ಎನ್ನುವ ಸದ್ದು ಹಿಂದೆ ಇದ್ದೇ ಇರುತ್ತದೆ.

ತಗ್ಗಿನ, ಒಂದೇ ಸಮನೆಯ ಗುಂಯ್ ಸದ್ದಾದರೆ ಅದು ಕರೆಂಟಿನದು, 50 ಅಥವಾ 60 ಹರ್ಟ್ಸ್ ಮತ್ತು ಅದರ ದುಪ್ಪಟ್ಟು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ನಿಂತುಹೋದರೆ ಕಾರಣ ಸಿಕ್ಕಿತು. ಒಂದು ಟೇಕ್ ಮುಗಿಯುವವರೆಗೆ ಬ್ಯಾಟರಿ ಸಾಕಾಗುತ್ತದೆ. ಚಾರ್ಜರ್ ತೆಗೆದರೂ ಇದ್ದರೆ ಕಂಪ್ಯೂಟರಿಗೆ ತಗಲಿಸಿದ ಸ್ಪೀಕರ್, ಮಾನಿಟರ್ ಒಂದೊಂದಾಗಿ ಬಿಡಿಸಿ. ಎಲ್ಲವನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿದರೆ ಎಷ್ಟೋ ಸಲ ತಗ್ಗುತ್ತದೆ. ಮೈಕ್‌ನ ಲೋಹದ ಮೈ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಕೇಬಲ್‌ನ ಗ್ರೌಂಡ್ ತಂತಿ ಬಿಟ್ಟಿರಬಹುದು. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹಾಡಿಗಿಂತ ಜೀವ ದೊಡ್ಡದು.

ಸುಯ್ ಎನ್ನುವ ತೆಳು ಸದ್ದಾದರೆ ಗೇನ್ ಜಾಸ್ತಿ, ಬಾಯಿ ದೂರ. ಮೈಕ್‌ಗೆ ಇರುವ ದೂರವನ್ನು ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಗಲಾಟೆ ಅಷ್ಟೇ ಇರುತ್ತದೆ. ಯಾವ ಸಾಫ್ಟ್‌ವೇರೂ ಇಷ್ಟು ಚೆನ್ನಾಗಿ ಗಲಾಟೆ ತೆಗೆಯುವುದಿಲ್ಲ. ಹಾಡು ಶುರುಮಾಡುವ ಮೊದಲು ಐದು ಸೆಕೆಂಡ್ ಸುಮ್ನೆ ಕೂತು ಕೋಣೆಯ ಮೌನವನ್ನೂ ರೆಕಾರ್ಡ್ ಮಾಡಿ. ಆಮೇಲೆ ‘ನಾಯ್ಸ್ ರಿಡಕ್ಷನ್’ ಮಾಡಬೇಕಾದರೆ ಅದೇ ಮಾದರಿಯಾಗುತ್ತದೆ.

ಮಧ್ಯೆ ಮಧ್ಯೆ ಚಟ್ ಚಟ್ ಸದ್ದು, ಕೆಲವೊಮ್ಮೆ ಮೈಕ್ ಸಂಪರ್ಕವೇ ಹೋಗುತ್ತದೆ.

ಚಟ್ ಚಟ್ ಬಂದರೆ ಬಫರ್ ತೀರಾ ಸಣ್ಣದಾಗಿದೆ, ಒಂದು ಹಂತ ಏರಿಸಿ. ಬ್ರೌಸರ್ ಮುಚ್ಚಿ, ವೈ-ಫೈ ಆಫ್ ಮಾಡಿ ನೋಡಿ. ಸಂಪರ್ಕವೇ ತಪ್ಪುತ್ತಿದ್ದರೆ ಹಬ್ ತೆಗೆಯಿರಿ, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಆಫ್ ಮಾಡಿ.

‘ಪ’, ‘ಭ’ ಬಂದಾಗ ಗುಂಡು ಹೊಡೆದ ಹಾಗಾಗುತ್ತದೆ.

ಬಾಯಿ ಮುಂದೆ ಅಂಗೈ ಹಿಡಿದು ‘ಫ’, ‘ಭ’ ಅನ್ನಿ, ಗಾಳಿ ಬಂದು ಬಡಿಯುವುದು ಗೊತ್ತಾಗುತ್ತದೆ. ಮಹಾಪ್ರಾಣ ಅಂದರೆ ಅದೇ ತಾನೇ! ಆ ಗಾಳಿ ಮೈಕ್‌ನ ತೆಳು ಪೊರೆಗೆ ಹೊಡೆಯುತ್ತದೆ. ಮೈಕ್‌ನಿಂದ 5ರಿಂದ 10 ಸೆಂಟಿಮೀಟರ್ ಮುಂದೆ ಪಾಪ್ ಫಿಲ್ಟರ್ (ಗಾಳಿ ತಡೆಯುವ ತೆಳು ಜಾಲರಿ) ಇಡಿ. ಇಲ್ಲದಿದ್ದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ ಬಾಯಿ ಕಡೆಗೆ ತಿರುಗಿಸಿ. ಗಾಳಿ ನೇರ ಹೋಗಿಬಿಡುತ್ತದೆ, ದನಿ ಮಾತ್ರ ಮೈಕ್‌ಗೆ ಸಿಗುತ್ತದೆ. ‘ಸ’, ‘ಶ’ ಚುಚ್ಚುತ್ತಿದ್ದರೂ ಇದೇ ಉಪಾಯ.

ಮೈಕೇ ಕೆಟ್ಟಿದೆ ಅಂತ ಯಾವಾಗ ತೀರ್ಮಾನಿಸಬೇಕು?

ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್ ಮೂರರಲ್ಲೂ ಅದೇ ತೊಂದರೆ ಬಂದ ಮೇಲೆ. ನನ್ನ ಅನುಭವದಲ್ಲಿ ಮೊದಲು ಕೈಕೊಡುವುದು ಕೇಬಲ್. ರೆಕಾರ್ಡ್ ಮಾಡುತ್ತಾ ಕೇಬಲ್‌ನ ಎರಡೂ ತುದಿಗಳನ್ನು ಮೆಲ್ಲಗೆ ಅಲ್ಲಾಡಿಸಿ. ದನಿ ಬಂದು ಹೋಗಿ ಮಾಡಿದರೆ ಅಲ್ಲೇ ಲೂಸ್ ಇದೆ. ಎಕ್ಸ್‌ಎಲ್‌ಆರ್ ತುದಿಯನ್ನು ಬಿಚ್ಚಿದರೆ ಒಳಗೆ ಮೂರೇ ತಂತಿ, ಒಂದು ಬಿಟ್ಟಿದ್ದರೆ ಬೆಸುಗೆ ಹಾಕಿದರೆ ಸರಿಹೋಯಿತು.

ಕಂಡೆನ್ಸರ್ ಮೈಕ್ ಮಳೆಗಾಲದ ಥಂಡಿಯಲ್ಲಿ ಮಾತ್ರ ಚಟಪಟ ಎನ್ನುತ್ತಿದ್ದರೆ ಅದು ಕೆಟ್ಟಿಲ್ಲ, ಒಳಗೆ ತೇವ ಸೇರಿದೆ. ಹೊಸ ಚಪ್ಪಲಿ, ಬ್ಯಾಗಿನ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಹಾಕಿಡಿ. ಎರಡು ದಿನ ಬಿಟ್ಟು ತೆಗೆದು ಹಾಡಿ ನೋಡಿ.